ಸಿಸ್ಟಂ ಮಾನಿಟರ್: ಯಾವುದನ್ನು ಇಟ್ಟುಕೊಳ್ಳಬೇಕು, ಗ್ರಾಫ್ ಹೇಗೆ ಹೊಂದಿಸಬೇಕು

"ಕಂಪ್ಯೂಟರ್ ಸ್ಲೋ ಆಗಿದೆ, ಏನು ಹಾಕಿ ನೋಡಬೇಕು ಹೇಳ್ರಿ." ನಮ್ಮ ಕಡೆ ಈ ಪ್ರಶ್ನೆ ಜಾಸ್ತಿ ಬರುವುದು ಎರಡು ಹೊತ್ತಿನಲ್ಲಿ. ಒಂದು, ವಿಜಯಪುರ ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ. ಇನ್ನೊಂದು, ಲಗ್ನಪತ್ರಿಕೆ, ಬ್ಯಾನರ್, ಆಲ್ಬಂ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗ. ಎರಡೂ ಒಂದೇ ತಿಂಗಳಲ್ಲಿ ಬರುತ್ತವೆ ಅನ್ನುವುದು ಬೇರೆ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆಮೇಲೆ ಮೂರನೇ ಗುಂಪೊಂದು ಸೇರಿಕೊಂಡಿದೆ. ಹಳೆಯ ಮಷೀನಿಗೆ ವಿಂಡೋಸ್ 11 ಹತ್ತುವುದಿಲ್ಲವೆಂದು ಬದಲಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡು, "ಇದರಲ್ಲಿ ಟಾಸ್ಕ್ ಮ್ಯಾನೇಜರ್ ಎಲ್ಲಿದೆ?" ಎಂದು ಕೇಳುವವರು.

ಮಷೀನಿನೊಳಗೆ ಏನು ನಡೆದಿದೆ ಎಂದು ಗ್ರಾಫ್ ಮಾಡಿ ತೋರಿಸುವ ಪ್ರೋಗ್ರಾಂಗೆ ಸಿಸ್ಟಂ ಮಾನಿಟರ್ ಎನ್ನುತ್ತಾರೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಅಂಥದ್ದೇ ಒಂದು. ಉತ್ತರವಾಗಿ ಅಂಥ ಹತ್ತು ಹೆಸರು ಹೇಳಬಹುದು. ಅದರಿಂದ ಕೇಳಿದವರ ತಲೆ ಇನ್ನಷ್ಟು ಕೆಡುತ್ತದೆ ಅಷ್ಟೇ. ನನ್ನ ಮಾತು ಒಂದೇ. ನೀವು ದಿನಾ ಕೇಳಿಕೊಳ್ಳುವ ಪ್ರಶ್ನೆಗೆ ಯಾವ ಗ್ರಾಫ್ ಉತ್ತರ ಕೊಡುತ್ತದೋ ಅದನ್ನು ಇಟ್ಟುಕೊಳ್ಳಿ. ಉಳಿದ ಬಣ್ಣಬಣ್ಣದ ಗೆರೆಗಳು ಸುಮ್ನೆ ಶೋಕಿ.

ಏನೇನು ತೂಗಿ ನೋಡಬೇಕು

ಮೊದಲನೆಯದು ಪ್ರಶ್ನೆ. "ಈಗ ಯಾಕೆ ಸಿಕ್ಕಿಕೊಂಡಿದೆ?" ಎಂದು ಕೇಳುವವರಿಗೆ ಬೇಕಾದ್ದು ಕಳೆದ ಒಂದೆರಡು ನಿಮಿಷದ ಗ್ರಾಫ್. "ನಿನ್ನೆ ಮಧ್ಯಾಹ್ನ ಮೂರಕ್ಕೆ ಯಾಕೆ ಬಂದ್ ಆಯಿತು?" ಎಂದು ಕೇಳುವವರಿಗೆ ಗ್ರಾಫ್ ಅಲ್ಲ, ಫೈಲಿನಲ್ಲಿ ಬರೆದಿಟ್ಟ ಲೆಕ್ಕ ಬೇಕು. "ಬಿಸಿಯಾದರೆ ನನಗೆ ಹೇಳಲಿ" ಅನ್ನುವವರಿಗೆ ಅಲಾರಂ ಬೇಕು. ಈ ಮೂರೂ ಬೇರೆ ಬೇರೆ. ಮೂರನ್ನೂ ಚೆನ್ನಾಗಿ ಮಾಡುವ ಪ್ರೋಗ್ರಾಂ ಬಹಳ ಕಡಿಮೆ.

ಎರಡನೆಯದು ಜಾಗ. ಡಿಟಿಪಿ ಮಾಡುವವರ ಪರದೆ ಯಾವಾಗಲೂ ತುಂಬಿರುತ್ತದೆ. ಡೆಸ್ಕ್‌ಟಾಪಿನ ಮೇಲೆ ಎಷ್ಟೇ ಚಂದದ ಗ್ರಾಫ್ ಇಟ್ಟರೂ ಅದು ಕಾಣುವುದು ಕೆಲಸ ಮುಗಿಸಿ ಎಲ್ಲ ಮುಚ್ಚಿದಾಗಲೇ. ಅಂಥವರಿಗೆ ಕೆಳಗಿನ ಪಟ್ಟಿಯಲ್ಲೋ ಪರದೆಯ ಅಂಚಿನಲ್ಲೋ ಕೂರುವಂಥದ್ದು ಬೇಕು. ಮೂಲೆಯಲ್ಲಿ ಹಳೆಯದೊಂದು ಪರದೆ ಬಿದ್ದಿದ್ದು, ಕಂಪ್ಯೂಟರ್ ಡಬ್ಬಿಗೆ ಎರಡನೇ ಡಿಸ್‌ಪ್ಲೇ ಪೋರ್ಟ್ ಇದ್ದರೆ ಅದನ್ನೇ ಜೋಡಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಮೂರನೆಯದು ಅದರ ಸ್ವಂತ ಭಾರ. 4 ಜಿಬಿ ರ‍್ಯಾಮ್ ಇರುವ ಮಷೀನಿನ ಮೇಲೆ ಭಾರವಾದ ಮಾನಿಟರ್ ಹೇರಿ "ಯಾಕೆ ಸ್ಲೋ" ಎಂದು ನೋಡುತ್ತ ಕೂತರೆ ಉತ್ತರ ಎದುರಿಗೇ ಇರುತ್ತದೆ, ಅಲ್ವಾ?

ನಾಲ್ಕನೆಯದು ನಿಮ್ಮ ಸಹನೆ. ಕೆಲವನ್ನು ಮೌಸ್‌ನಿಂದ ಹೊಂದಿಸಬಹುದು. ಕೆಲವಕ್ಕೆ ಒಂದು ಫೈಲ್ ತೆರೆದು ಸಾಲುಸಾಲಾಗಿ ಬರೆಯಬೇಕು. ಇಲ್ಲಿ ಹೇಳುವವು ಹೆಚ್ಚೂಕಡಿಮೆ ಎಲ್ಲ ಪುಕ್ಕಟೆ ಸಿಗುತ್ತವೆ. ಹಾಗಾಗಿ ಬಜೆಟ್ ಅಂದರೆ ಇಲ್ಲಿ ದುಡ್ಡಿಗಿಂತ ಹೊತ್ತಿನ ಬಜೆಟ್.

ಐದನೆಯದು ನಮ್ಮ ಊರುಗಳಿಗೆ ವಿಶೇಷವಾದದ್ದು: ಶಾಖ. ಎರೆಮಣ್ಣಿನ ಧೂಳು ಫ್ಯಾನಿಗೆ ಕೂತಿರುತ್ತದೆ, ಕೋಣೆಯೇ 38-40 ಡಿಗ್ರಿ ಇರುತ್ತದೆ. ಬೆಳಗಾವಿಯವರು ಇದನ್ನು ಸ್ವಲ್ಪ ಹಗುರಾಗಿ ತೆಗೆದುಕೊಳ್ಳಬಹುದು. ವಿಜಯಪುರದವರು ತಾಪಮಾನ ತೋರಿಸದ ಮಾನಿಟರನ್ನು ಲೆಕ್ಕಕ್ಕೇ ಇಡಬೇಡಿ.

ಯಾವುದೇ ಆರಿಸಿ, ಗ್ರಾಫ್ ಮಾತ್ರ ಸರಿಯಾಗಿರಲಿ

ಪ್ರೋಗ್ರಾಂಗಳ ಹೆಸರಿಗೆ ಹೋಗುವ ಮುಂಚೆ ಇದನ್ನು ಹೇಳಲೇಬೇಕು. ತಪ್ಪಾಗಿ ಹೊಂದಿಸಿದ ಗ್ರಾಫ್, ಗ್ರಾಫ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ಮೊದಲು ನೆಟ್‌ವರ್ಕ್ ಗ್ರಾಫ್. ಬಹುತೇಕ ಮಾನಿಟರ್‌ಗಳಲ್ಲಿ ಇದರ ಎತ್ತರ ತಾನೇ ಬದಲಾಗುತ್ತದೆ. ಏನೂ ಡೌನ್‌ಲೋಡ್ ಇಲ್ಲದಾಗ 20 ಕೆಬಿಯ ಚಿಕ್ಕ ಓಡಾಟವೂ ಪರದೆ ತುಂಬ ಗುಡ್ಡದಂತೆ ಕಾಣುತ್ತದೆ. ನೋಡಿದವರು "ಯಾರೋ ನನ್ನ ನೆಟ್ ತಿನ್ನುತ್ತಿದ್ದಾರೆ" ಎಂದು ಗಾಬರಿಯಾಗುತ್ತಾರೆ. ಅಳತೆ ಬದಲಾಗದಂತೆ ನಿಲ್ಲಿಸಲು ಅವಕಾಶ ಇದ್ದರೆ ನಿಮ್ಮ ಪ್ಲಾನಿನ ವೇಗಕ್ಕೇ ನಿಲ್ಲಿಸಿ. ಕಂಪನಿ ಹೇಳುವುದು ಬಿಟ್‌ನಲ್ಲಿ, ಹಲವು ಮಾನಿಟರ್‌ಗಳು ತೋರಿಸುವುದು ಬೈಟ್‌ನಲ್ಲಿ ಎಂಬುದನ್ನೂ ನೆನಪಿಡಿ. 40 ಎಂಬಿಪಿಎಸ್ ಪ್ಲಾನ್ ಅಂದರೆ ಗ್ರಾಫಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ. ಇದನ್ನು ತಿಳಿಯದೆ ನೆಟ್ ಹಾಕಿಸಿಕೊಟ್ಟ ಹುಡುಗನ ಜೊತೆ ಜಗಳಕ್ಕೆ ಇಳಿಯುವವರಿದ್ದಾರೆ.

ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗಳಿಗೆ ಈ ಒಂದು ಗ್ರಾಫೇ ಸಾಕು. ರಿಸಲ್ಟ್ ದಿನ ಅಥವಾ ಅರ್ಜಿಯ ಕೊನೇ ದಿನ ಪುಟ ತೆರೆಯುವುದಿಲ್ಲ. ಗಿರಾಕಿ ಎದುರಿಗೆ ನಿಂತಿದ್ದಾರೆ. ತಪ್ಪು ನಿಮ್ಮ ಲೈನಿನದೋ ಆ ಕಡೆಯ ಸರ್ವರಿನದೋ? ಇನ್ನೊಂದು ಟ್ಯಾಬಿನಲ್ಲಿ ಒಂದು ವಿಡಿಯೋ ಹಚ್ಚಿ. ಗ್ರಾಫ್ ಮೇಲಕ್ಕೇರಿ ವಿಡಿಯೋ ಓಡಿದರೆ ನಿಮ್ಮ ಲೈನ್ ಸರಿಯಿದೆ, ತಪ್ಪು ಆ ಕಡೆಯದು, ಕಾಯಬೇಕು. ಗೆರೆ ನೆಲ ಹಿಡಿದೇ ಇದ್ದರೆ ರೂಟರ್ ನೋಡಿ.

ಸಿಪಿಯು ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್. ಅದರ ಗ್ರಾಫಿನ ತೊಂದರೆ ಬೇರೆ ರೀತಿಯದು. ಚಿಪ್ಪಿನೊಳಗಿನ ಎಂಟು ಕೋರ್‌ಗಳ (ಕೆಲಸ ಮಾಡುವ ಬಿಡಿ ಭಾಗಗಳ) ಸರಾಸರಿ ತೋರಿಸುವ ಒಂದೇ ಗೆರೆ ಇಟ್ಟುಕೊಂಡರೆ, ಒಂದು ಕೋರ್ ಪೂರ್ತಿ ದುಡಿಯುತ್ತಿದ್ದರೂ ಗ್ರಾಫ್ 12.5 ಶೇಕಡಾ ತೋರಿಸುತ್ತದೆ. ಎಂಟು ಆಳುಗಳಲ್ಲಿ ಒಬ್ಬ ಬೆವರಿಳಿಸುತ್ತಿದ್ದು ಏಳು ಜನ ಕಟ್ಟೆ ಮೇಲೆ ಕೂತಂತೆ. ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಹಲವು ಕೆಲಸಗಳು ಒಂದೇ ಕೋರಿನ ಮೇಲೆ ನಡೆಯುತ್ತವೆ. "ಸಿಪಿಯು ಖಾಲಿ ಇದೆ, ಆದರೂ ಸ್ಲೋ" ಎಂದು ಅನ್ನಿಸುವುದು ಇಂಥಲ್ಲೇ. ಒಂದು ಸಲವಾದರೂ ಕೋರ್‌ಗಳನ್ನು ಬೇರೆ ಬೇರೆ ಗೆರೆಯಾಗಿ ನೋಡಿ. ಆಮೇಲೆ ಬೇಕಿದ್ದರೆ ಒಂದೇ ಗೆರೆಗೆ ಮರಳಬಹುದು.

ಮೆಮೊರಿ ವಿಷಯದಲ್ಲಿ ಲಿನಕ್ಸ್‌ಗೆ ಹೊಸಬರು ಹೆದರುತ್ತಾರೆ. ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಮತ್ತೆ ಬೇಕಾದೀತೆಂದು ಕೈಯಳತೆಯಲ್ಲಿಡುವ ಫೈಲುಗಳ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಆದ್ದರಿಂದ "ಫ್ರೀ" ಸಂಖ್ಯೆ ನೋಡಬೇಡಿ, "ಅವೇಲಬಲ್" ನೋಡಿ. ಅದರ ಪಕ್ಕ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಗೆರೆ ಇರಲಿ. ಸ್ವಾಪ್ ಏರುತ್ತಲೇ ಹೋದರೆ ಆಗ ರ‍್ಯಾಮ್ ಕೊಳ್ಳುವ ಮಾತಾಡಿ.

ಡಿಸ್ಕ್ ಗ್ರಾಫಿನಲ್ಲಿ ಎಂಬಿ ಲೆಕ್ಕಕ್ಕಿಂತ "ಎಷ್ಟು ಹೊತ್ತು ದುಡಿಯುತ್ತಿದೆ" ಎಂಬ ಶೇಕಡಾವಾರು ಮುಖ್ಯ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಒಂದೆರಡು ಎಂಬಿ ಓದುತ್ತಲೇ 100 ಶೇಕಡಾ ದುಡಿಯುತ್ತಿರಬಹುದು. ಚಿಕ್ಕಚಿಕ್ಕ ಫೈಲುಗಳಿಗಾಗಿ ಅದರ ತಲೆ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ನಮ್ಮ ಕಡೆಯ ಅಂಗಡಿ ಮಷೀನುಗಳಲ್ಲಿ ನಿಜವಾದ ಕಳ್ಳ ಬಹಳ ಸಲ ಇದೇ. ಈ ಗ್ರಾಫ್ ಸದಾ 100ಕ್ಕೆ ಅಂಟಿಕೊಂಡಿದ್ದರೆ ಮಾನಿಟರ್ ಹುಡುಕುವುದನ್ನು ನಿಲ್ಲಿಸಿ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ.

ಇನ್ನು ತಾಪಮಾನ. ಸಂಖ್ಯೆ ಒಂದನ್ನೇ ನೋಡಬೇಡಿ, ಪಕ್ಕದಲ್ಲಿ ಸಿಪಿಯು ವೇಗದ ಗಿಗಾಹರ್ಟ್ಸ್ ಗೆರೆಯನ್ನೂ ಇಡಿ. ಶಾಖ ಮೇಲಿದ್ದು, ಕೆಲಸ ನಡೆಯುತ್ತಿದ್ದಾಗಲೇ ಗಿಗಾಹರ್ಟ್ಸ್ ಕೆಳಗಿಳಿದರೆ ಮಷೀನು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿದೆ ಎಂದು ಅರ್ಥ. ಬಹಳಷ್ಟು ಇಂಟೆಲ್ ಚಿಪ್‌ಗಳಿಗೆ ಇದು 100 ಡಿಗ್ರಿಯ ಹತ್ತಿರ ಆಗುತ್ತದೆ. ಜನವರಿಯಲ್ಲಿ ಕೋಣೆ 22 ಡಿಗ್ರಿ ಇದ್ದಾಗ ಚಿಪ್ 70 ತೋರಿಸಿದರೆ, ಅದೇ ಕೆಲಸಕ್ಕೆ ಮೇ ತಿಂಗಳ 40 ಡಿಗ್ರಿ ಕೋಣೆಯಲ್ಲಿ 88ರ ಆಸುಪಾಸು ತೋರಿಸುವುದು ಸಹಜ. ಫ್ಯಾನು ಕೋಣೆಯ ಗಾಳಿಯನ್ನೇ ಊದುತ್ತದೆ, ತಂಪು ಗಾಳಿಯನ್ನು ಅದೆಲ್ಲಿಂದ ತರಬೇಕು? ಕೋಣೆಯ ಶಾಖ ಬದಲಾಗದಿದ್ದರೂ, ಅದೇ ಕೆಲಸಕ್ಕೆ ಕಳೆದ ತಿಂಗಳಿಗಿಂತ ಜಾಸ್ತಿ ಬಿಸಿಯಾಗುತ್ತಿದ್ದರೆ ಧೂಳು ತೆಗೆಸುವ ಹೊತ್ತು ಬಂದಿದೆ.

ಕೊನೆಯದಾಗಿ, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು. ಎಲ್ಲರಿಗೂ ಅರ್ಧ ಸೆಕೆಂಡ್ ಇಡುವ ಆಸೆ. ಗೆರೆ ಕುಣಿಯುವುದನ್ನು ನೋಡಲು ಚಂದ, ಓದಲು ಕಷ್ಟ, ಮಷೀನಿಗೂ ಹೊರೆ. ದಿನದ ಬಳಕೆಗೆ 2 ಸೆಕೆಂಡ್ ಸಾಕು. ತಾಪಮಾನಕ್ಕೆ 5 ಸೆಕೆಂಡೂ ನಡೆಯುತ್ತದೆ.

ವಿಂಡೋಸ್‌ನಲ್ಲಿ ಉಳಿಯುವವರಿಗೆ

ಕೋರೆಲ್‌ಡ್ರಾ, ಫೋಟೋಶಾಪ್ ಬಿಡಲಾಗದವರು ಇಲ್ಲೇ ಇರುತ್ತಾರೆ. ಅವರು ಮೊದಲು ಟಾಸ್ಕ್ ಮ್ಯಾನೇಜರನ್ನೇ ಸರಿಯಾಗಿ ಬಳಸಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೆ ಪ್ರತಿಯೊಂದಕ್ಕೂ ಬೇರೆ ಗ್ರಾಫ್ ಬರುತ್ತದೆ. ಗ್ರಾಫಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸುತ್ತಲಿನ ಪಟ್ಟಿಗಳೆಲ್ಲ ಮಾಯವಾಗಿ ಗ್ರಾಫ್ ಮಾತ್ರ ಉಳಿಯುತ್ತದೆ. "ಆಲ್ವೇಸ್ ಆನ್ ಟಾಪ್" ಹಾಕಿ ಅದನ್ನೇ ಮೂಲೆಗೆ ಚಿಕ್ಕದಾಗಿ ಇಟ್ಟುಕೊಂಡರೆ ಬಹಳ ಜನರಿಗೆ ಬೇರೇನೂ ಬೇಕಾಗುವುದಿಲ್ಲ. ಅಪ್‌ಡೇಟ್ ವೇಗ ನಾರ್ಮಲ್ ಇದ್ದರೆ ಸೆಕೆಂಡಿಗೊಮ್ಮೆ, ಲೋ ಇದ್ದರೆ ನಾಲ್ಕು ಸೆಕೆಂಡಿಗೊಮ್ಮೆ ಅಳೆಯುತ್ತದೆ.

ಇದರ ಕೊರತೆ ಎರಡು. ಸಿಪಿಯು ತಾಪಮಾನ ತೋರಿಸುವುದಿಲ್ಲ. ನಾರ್ಮಲ್ ವೇಗದಲ್ಲಿ ಗ್ರಾಫಿನಲ್ಲಿ ಕಾಣುವುದು ಕಳೆದ 60 ಸೆಕೆಂಡ್ ಮಾತ್ರ. ಗಿರಾಕಿಯ ಜೊತೆ ಮಾತಾಡಿ ತಿರುಗಿ ನೋಡುವಷ್ಟರಲ್ಲಿ ಸಾಕ್ಷಿ ಅಳಿಸಿಹೋಗಿರುತ್ತದೆ.

ಆ ಎರಡೂ ಕೊರತೆ ತುಂಬುವ ಪ್ರೋಗ್ರಾಂ ಎಚ್‌ಡಬ್ಲ್ಯುಇನ್ಫೋ. ತೆರೆದಾಗ ಬರುವ ಉದ್ದನೆಯ ಪಟ್ಟಿ ನೋಡಿ ಗಾಬರಿಯಾಗಬೇಡಿ. ಬೇಡದ ಸಾಲುಗಳನ್ನು ಮರೆಮಾಡಿ, ಆರೇಳು ಮಾತ್ರ ಉಳಿಸಿಕೊಳ್ಳಿ. ಯಾವುದೇ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರದೇ ಗ್ರಾಫ್ ತೆರೆಯುತ್ತದೆ. ಗಡಿಯಾರದ ಪಕ್ಕ ತಾಪಮಾನದ ಸಂಖ್ಯೆ ಕೂರಿಸಬಹುದು. ಇಷ್ಟು ಡಿಗ್ರಿ ದಾಟಿದರೆ ಸದ್ದು ಮಾಡು ಎಂದೂ ಹೇಳಬಹುದು. ಎಲ್ಲವನ್ನೂ ಸಿಎಸ್‌ವಿ ಫೈಲಿಗೆ ಬರೆಸಿ, ಸಂಜೆ ಎಕ್ಸೆಲ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ತೆರೆದು ನೋಡಬಹುದು. "ಮಧ್ಯಾಹ್ನ ಮೂರಕ್ಕೆ ಏನಾಯಿತು" ಎಂಬ ಪ್ರಶ್ನೆಗೆ ವಿಂಡೋಸ್‌ನಲ್ಲಿ ನಾನು ಹೇಳುವ ಉತ್ತರ ಇದೇ. ಆದರೆ ಒಂದು ಮಾತು. ಇದರ ಪುಕ್ಕಟೆ ಆವೃತ್ತಿ ಸ್ವಂತ ಬಳಕೆಗೆ ಮಾತ್ರ. ಅಂಗಡಿಯ ವ್ಯಾಪಾರಕ್ಕೆ ಬಳಸುವುದಾದರೆ ಪ್ರೊ ಲೈಸೆನ್ಸ್ ಕೊಳ್ಳಬೇಕು. ಅದು ಬೇಡವೆಂದರೆ ವಿಂಡೋಸ್ ಜೊತೆಗೇ ಬರುವ ಪರ್ಫಾರ್ಮೆನ್ಸ್ ಮಾನಿಟರ್ ಇದೆ. ಅದೂ ದಿನವಿಡೀ ಲೆಕ್ಕ ಬರೆದಿಡುತ್ತದೆ. ಹೊಂದಿಸಲು ಮಾತ್ರ ಒಂದು ಭಾನುವಾರ ತೆಗೆದಿಡಿ.

ಕಾಲೇಜು ಹುಡುಗರಿಗೆ ಇಷ್ಟವಾಗುವುದು ರೇನ್‌ಮೀಟರ್. ಡೆಸ್ಕ್‌ಟಾಪಿನ ಮೇಲೆ ಗೆರೆ, ಪಟ್ಟಿ, ದುಂಡನೆಯ ಮುಳ್ಳು ಏನು ಬೇಕಾದರೂ ಮಾಡಬಹುದು. ಎಷ್ಟೋ ಸ್ಕಿನ್‌ಗಳು (ಅಂಥ ವಿನ್ಯಾಸದ ಫೈಲುಗಳು) ಸಿದ್ಧವಾಗಿಯೇ ಸಿಗುತ್ತವೆ. ಒಳಗೆ ಎರಡು ಭಾಗಗಳಿವೆ: ಅಳೆಯುವುದು ಮೆಷರ್, ತೋರಿಸುವುದು ಮೀಟರ್. ಇಷ್ಟು ತಿಳಿದರೆ ಸ್ಕಿನ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೀವೇ ತಿದ್ದಬಹುದು. ಕನ್ನಡದ ಹೆಸರುಗಳೂ ಚೆನ್ನಾಗಿ ಮೂಡುತ್ತವೆ. ಫೈಲನ್ನು ಯುಟಿಎಫ್-16 ಎಂದು ಉಳಿಸುವುದು ಮರೆಯಬೇಡಿ, ಇಲ್ಲದಿದ್ದರೆ ಅಕ್ಷರದ ಬದಲು ಕಸ ಬರುತ್ತದೆ. ರೇನ್‌ಮೀಟರ್ ತಾನಾಗಿ ಹಗುರ, ಮೇಲೆ ಹೇರುವ ಸ್ಕಿನ್‌ಗಳು ಭಾರ. ಹಾಡು, ಹವಾಮಾನ, ಕುಣಿಯುವ ಗಡಿಯಾರ ಎಲ್ಲ ಇರುವ ಸ್ಕಿನ್ ಹಾಕಿಕೊಂಡು ಲ್ಯಾಪ್‌ಟಾಪ್ ಬ್ಯಾಟರಿ ಬೇಗ ಇಳಿಯುತ್ತದೆ ಎಂದರೆ ಹೇಗೆ? ಅಂಗಡಿಗೆ ನಾನು ಇದನ್ನು ಹೇಳುವುದಿಲ್ಲ. ಡೆಸ್ಕ್‌ಟಾಪ್ ಅಲ್ಲಿ ಕಾಣುವುದೇ ಇಲ್ಲ.

ಲಿನಕ್ಸ್‌ಗೆ ಬಂದವರಿಗೆ

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಪರದೆ, ಪಟ್ಟಿ, ಕಿಟಕಿಗಳಿಗೆ ರೂಪ ಕೊಡುವ ಭಾಗಕ್ಕೆ ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಎನ್ನುತ್ತಾರೆ; ಕೆಡಿಇ ಪ್ಲಾಸ್ಮಾ, ಗ್ನೋಮ್, ಎಕ್ಸ್‌ಎಫ್‌ಸಿಇ ಅಂಥವು. ಯಾವ ಡೆಸ್ಕ್‌ಟಾಪ್ ಹಾಕಿಸಿಕೊಂಡಿದ್ದೀರಿ ಎಂಬುದು ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಕೆಡಿಇ ಪ್ಲಾಸ್ಮಾ ಇದ್ದವರು ಅದೃಷ್ಟವಂತರು. 2021ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 5.21ರಿಂದ ಅದರ ಜೊತೆ ಪ್ಲಾಸ್ಮಾ ಸಿಸ್ಟಂ ಮಾನಿಟರ್ ಬರುತ್ತದೆ. ಹಳೆಯ ಕೆಸಿಸ್‌ಗಾರ್ಡ್‌ನ ಜಾಗಕ್ಕೆ ಬಂದದ್ದು ಇದು. ಮೌಸ್‌ನಿಂದಲೇ ಇಷ್ಟು ಆಳವಾಗಿ ಹೊಂದಿಸಬಹುದಾದ ಬೇರೊಂದು ಮಾನಿಟರ್ ನಾನು ಕಂಡಿಲ್ಲ. ಹೊಸ ಪುಟ ಸೇರಿಸಿ, ಎಡಿಟ್ ಒತ್ತಿ, ಸಾಲು ಮತ್ತು ಕಂಬಗಳನ್ನು ನಿಮಗೆ ಬೇಕಾದಂತೆ ಕೂಡಿಸಿ. ಪ್ರತಿ ಚೌಕಕ್ಕೂ ಗೆರೆಯ ಗ್ರಾಫ್, ಪಟ್ಟಿ, ದುಂಡು ಚಾರ್ಟ್ ಅಥವಾ ಬರೀ ಅಕ್ಷರ ಎಂದು ಆರಿಸಬಹುದು. ಗೆರೆಯ ಗ್ರಾಫಿನ ಆಯ್ಕೆಗಳಲ್ಲಿ ಎಷ್ಟು ಸೆಕೆಂಡಿನ ಇತಿಹಾಸ ಬೇಕು ಎಂದು ನಮೂದಿಸಬಹುದು. ಅಲ್ಲಿ 600 ಬರೆದರೆ ಹತ್ತು ನಿಮಿಷದ ಕಥೆ ಕಣ್ಣೆದುರಿಗೆ ಇರುತ್ತದೆ. ಎತ್ತರದ ಅಳತೆ ತಾನೇ ಬದಲಾಗುವುದನ್ನು ನಿಲ್ಲಿಸಿ ನೀವೇ ಗಡಿ ಕೊಡಬಹುದು. ಮೇಲೆ ಹೇಳಿದ ನೆಟ್‌ವರ್ಕ್ ಗುಡ್ಡಕ್ಕೆ ಇದೇ ಮದ್ದು.

ಒಂದು ಎಚ್ಚರ. ಗೆರೆಗಳನ್ನು ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ ಆಯ್ಕೆ ಮೆಮೊರಿಗೆ ಒಪ್ಪುತ್ತದೆ, ತಾಪಮಾನಕ್ಕೆ ಒಪ್ಪುವುದಿಲ್ಲ. ನಾಲ್ಕು ಕೋರ್‌ಗಳ 60 ಡಿಗ್ರಿ ಪೇರಿಸಿ 240 ಡಿಗ್ರಿ ತೋರಿಸುವ ಗ್ರಾಫ್ ಯಾರಿಗೆ ಬೇಕು? ಪ್ರತಿ ಸೆನ್ಸರಿನ ಹೆಸರನ್ನು ಬದಲಿಸಬಹುದು. "ಸಿಪಿಯು ಶಾಖ", "ಡೌನ್‌ಲೋಡ್" ಎಂದು ಕನ್ನಡದಲ್ಲೇ ಬರೆದುಕೊಳ್ಳಿ, ಒತ್ತಕ್ಷರ ಸರಿಯಾಗಿ ಮೂಡುತ್ತವೆ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಹುಡುಗಿಯರಿಗೂ ಆಗ ಗ್ರಾಫ್ ಅರ್ಥವಾಗುತ್ತದೆ. ಇವೇ ಚಾರ್ಟ್‌ಗಳನ್ನು ವಿಜೆಟ್ (ಚಿಕ್ಕ ತುಣುಕು) ಆಗಿ ಪ್ಯಾನೆಲ್ (ಪರದೆಯ ಅಂಚಿನ ಪಟ್ಟಿ) ಮೇಲೆ ಕೂರಿಸಬಹುದು. ಒಂದು ಮಷೀನಿನಲ್ಲಿ ಮಾಡಿದ ಪುಟವನ್ನು ಫೈಲಾಗಿ ತೆಗೆದು ಇನ್ನೊಂದಕ್ಕೆ ಒಯ್ಯಬಹುದು.

ಕೊರತೆ? ಮಿತಿ ದಾಟಿದರೆ ಸದ್ದು ಮಾಡುವ ಸರಳ ಅಲಾರಂ ಇದರಲ್ಲಿ ಇಲ್ಲ. 4 ಜಿಬಿ ಮಷೀನಿನಲ್ಲಿ ಇದರ ಕಿಟಕಿಯನ್ನು ದಿನವಿಡೀ ತೆರೆದಿಡಲು ನಾನು ಹೇಳುವುದಿಲ್ಲ. ಪ್ಯಾನೆಲ್ ಮೇಲೆ ಎರಡು ವಿಜೆಟ್ ಇರಲಿ, ಪೂರ್ತಿ ಪುಟ ಬೇಕಾದಾಗ ತೆರೆಯಲಿ.

ಉಬುಂಟುವಿನಂಥ ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಇದ್ದವರಿಗೆ ಗ್ನೋಮ್ ಸಿಸ್ಟಂ ಮಾನಿಟರ್ ಸಿಗುತ್ತದೆ. ನೋಡಲು ಸ್ವಚ್ಛ, ಬದಲಿಸಲು ಕಡಿಮೆ. ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು, ಬಣ್ಣ ಯಾವುದು, ನೆಟ್‌ವರ್ಕ್ ಬಿಟ್‌ನಲ್ಲಿ ಬೇಕೋ ಬೈಟ್‌ನಲ್ಲಿ ಬೇಕೋ, ಇಷ್ಟು ಹೊಂದಿಸಬಹುದು. ತಾಪಮಾನ ಇಲ್ಲ. ಅದಕ್ಕಾಗಿ ವೈಟಲ್ಸ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಮೇಲಿನ ಪಟ್ಟಿಯಲ್ಲಿ ಡಿಗ್ರಿ, ಫ್ಯಾನ್, ನೆಟ್ ವೇಗ ಎಲ್ಲ ಸಂಖ್ಯೆಯಾಗಿ ಬರುತ್ತವೆ. ಗ್ನೋಮ್ ದೊಡ್ಡದಾಗಿ ಅಪ್‌ಡೇಟ್ ಆದಾಗ ಎಕ್ಸ್‌ಟೆನ್ಶನ್‌ಗಳು ಕೆಲ ದಿನ ಕೈಕೊಡುವುದುಂಟು. ಅದಕ್ಕೆ ಸಿದ್ಧರಿರಿ.

ಹಳೆಯ ಮಷೀನಿಗೆ ಹೆಚ್ಚಿನವರು ಎಕ್ಸ್‌ಎಫ್‌ಸಿಇ ಹಾಕಿಸುತ್ತಾರೆ, ಅದು ಸರಿ ಕೂಡ. ಅದರ ಪ್ಯಾನೆಲ್ ಪ್ಲಗಿನ್‌ಗಳು ಸಾದಾ, ಹಗುರ. ಸಿಪಿಯು ಗ್ರಾಫ್ ಒಂದು, ನೆಟ್‌ಲೋಡ್ ಒಂದು, ಸೆನ್ಸರ್ಸ್ ಒಂದು, ಮೂರನ್ನೂ ಕೆಳಗಿನ ಪಟ್ಟಿಗೆ ಹಾಕಿದರೆ ಕೆಲಸದ ಕಿಟಕಿ ಎಷ್ಟೇ ದೊಡ್ಡದಿದ್ದರೂ ಕಣ್ಣಿಗೆ ಬೀಳುತ್ತವೆ. ನೆಟ್‌ಲೋಡ್‌ನಲ್ಲಿ ಹೆಚ್ಚೆಂದರೆ ಎಷ್ಟು ವೇಗ ಎಂಬುದನ್ನು ಕೈಯಾರೆ ಕೊಡಬಹುದು. ಜನರಿಕ್ ಮಾನಿಟರ್ ಎಂಬ ಪ್ಲಗಿನ್ ನೀವು ಕೊಟ್ಟ ಕಮಾಂಡಿನ ಉತ್ತರವನ್ನು ಪಟ್ಟಿಯಲ್ಲಿ ತೋರಿಸುತ್ತದೆ. ಕಮಾಂಡ್ ಬರೆಯಲು ಬಂದರೆ ಅದೊಂದರಿಂದಲೇ ಬಹಳ ಕೆಲಸ ಆಗುತ್ತದೆ.

ಲಿನಕ್ಸ್‌ನಲ್ಲಿ ತಾಪಮಾನ ಕಾಣಿಸದಿದ್ದರೆ ಮೊದಲು ಸೆನ್ಸರ್‌ಗಳನ್ನು ಓದುವ ಎಲ್‌ಎಂ-ಸೆನ್ಸರ್ಸ್ ಹಾಕಿ, ಒಂದು ಸಲ ಸೆನ್ಸರ್ಸ್-ಡಿಟೆಕ್ಟ್ ಕಮಾಂಡ್ ಓಡಿಸಿ. ಮಾನಿಟರನ್ನು ಬೈಯುವುದು ಆಮೇಲೆ.

ಜಿಕ್ರೆಲ್‌ಎಂ ಮತ್ತು ಕಾಂಕಿ

ಲಿನಕ್ಸ್‌ನಲ್ಲಿ ಈ ಎರಡು ಮಾನಿಟರ್‌ಗಳ ನಡುವೆ ತೂಗಾಡುವವರೇ ಜಾಸ್ತಿ. ಅದಕ್ಕೇ ಒಟ್ಟಿಗೆ ಹೇಳುತ್ತೇನೆ.

ಜಿಕ್ರೆಲ್‌ಎಂ ಹಳೆಯ ಕಾಲದ ಪ್ರೋಗ್ರಾಂ. ಪರದೆಯ ಅಂಚಿನಲ್ಲಿ ಸಣ್ಣ ಕಂಬದಂತೆ ನಿಲ್ಲುತ್ತದೆ. ಸಿಪಿಯು, ಡಿಸ್ಕ್, ನೆಟ್, ಮೆಮೊರಿ, ಶಾಖ ಎಲ್ಲವೂ ಒಂದರ ಕೆಳಗೊಂದು, ಅದೂ ಒಂದೇ ಪ್ರೋಗ್ರಾಂ ಒಳಗೆ. ಎಫ್1 ಒತ್ತಿದರೆ ಹೊಂದಿಕೆಯ ಕಿಟಕಿ ಬರುತ್ತದೆ. ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿದರೆ ಅದರ ಎತ್ತರ, ಅಡ್ಡಗೆರೆಗಳ ಅಳತೆ ಬದಲಿಸಬಹುದು. ಎಡ ಕ್ಲಿಕ್ ಮಾಡಿದರೆ ಗ್ರಾಫಿನ ಮೇಲೆ ಸಂಖ್ಯೆಗಳು ಮೂಡುತ್ತವೆ, ಇನ್ನೊಮ್ಮೆ ಮಾಡಿದರೆ ಹೋಗುತ್ತವೆ. ಅಡ್ಡಗೆರೆಯ ಅಳತೆ ಆಟೋ ಇರಬೇಕೋ ನಾವು ಕೊಟ್ಟದ್ದೇ ಇರಬೇಕೋ ಎಂದು ಪ್ರತಿ ಗ್ರಾಫಿಗೂ ಬೇರೆಯಾಗಿ ಹೇಳಬಹುದು. ಇದರ ನಿಜವಾದ ಬಲ ಅಲಾರಂ. ಸೆನ್ಸರ್ 85 ಡಿಗ್ರಿ ದಾಟಿದರೆ ಎಚ್ಚರಿಕೆಯ ದೀಪ ಮಿನುಗಲಿ, ಜೊತೆಗೆ ಈ ಕಮಾಂಡ್ ಓಡಲಿ ಎಂದು ಬರೆದಿಡಬಹುದು. ಆ ಕಮಾಂಡ್ ಒಂದು ಸದ್ದಿನ ಫೈಲ್ ನುಡಿಸುವುದಾದರೆ ಕೌಂಟರಿನಲ್ಲಿ ನಿಂತಿದ್ದರೂ ಕೇಳಿಸುತ್ತದೆ.

ಇನ್ನೊಂದು ಅನುಕೂಲ ಗೊತ್ತಿರುವವರು ಕಡಿಮೆ. ಒಂದು ಮಷೀನಿನಲ್ಲಿ ಜಿಕ್ರೆಲ್‌ಎಂಡಿ ಎಂಬ ಸರ್ವರ್ ಭಾಗ ಓಡಿಸಿ, ಅದರ ಗ್ರಾಫನ್ನು ನಿಮ್ಮ ಮೇಜಿನ ಮಷೀನಿನಲ್ಲಿ ನೋಡಬಹುದು. ಬೆಳಗಾವಿಯ ಉದ್ಯಮಬಾಗಿನಂಥ ಕೈಗಾರಿಕಾ ಪ್ರದೇಶದಲ್ಲಿ, ಡ್ರಾಯಿಂಗ್ ಫೈಲುಗಳ ಹಳೆಯ ಲಿನಕ್ಸ್ ಸರ್ವರ್ ಒಳಗಿನ ಕೋಣೆಯಲ್ಲಿ ಬಿಸಿಯಾಗುತ್ತ ಕೂತಿರುವಾಗ ಇದು ಬಹಳ ಉಪಯೋಗ. ಜಿಕ್ರೆಲ್‌ಎಂಡಿಯ ಕಾನ್ಫಿಗ್ (ಹೊಂದಿಕೆ) ಫೈಲಿನಲ್ಲಿ ಯಾವ ಮಷೀನುಗಳಿಗೆ ಅವಕಾಶ ಎಂದು ಬರೆದು, ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಸೀಮಿತವಾಗಿಡಿ.

ಡೆಸ್ಕ್‌ಟಾಪಿನ ಮೇಲೆ ಗ್ರಾಫ್, ಸಂಖ್ಯೆ ಬಿಡಿಸುವ ಕಾಂಕಿಯ ಸ್ವಭಾವ ಬೇರೆ. ಹಾಕಿದ ಕೂಡಲೇ ಅದು ಸಾಧಾರಣವಾಗಿ ಕಾಣುತ್ತದೆ. ಎಲ್ಲ ಒಂದು ಫೈಲಿನಲ್ಲಿ ಬರೆಯಬೇಕು. 1.10 ಆವೃತ್ತಿಯಿಂದ ಆ ಫೈಲು ಲುವಾ ಎಂಬ ಪ್ರೋಗ್ರಾಂ ಭಾಷೆಯ ರೂಪದಲ್ಲಿದೆ. ಹಾಗಾಗಿ ಎಲ್ಲೋ ಸಿಕ್ಕಿದ ಬಹಳ ಹಳೆಯ ಕಾನ್ಫಿಗ್ ತಂದು ಹಾಕಿದರೆ ನೇರವಾಗಿ ನಡೆಯುವುದಿಲ್ಲ, ಪರಿವರ್ತಿಸಬೇಕು. ಗ್ರಾಫಿನ ಎತ್ತರ, ಅಗಲ, ಎರಡು ಬಣ್ಣ, ಅಳತೆಯ ಮಿತಿ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಇತಿಹಾಸ ಎಷ್ಟು ಉದ್ದ ಎಂಬುದು ಅಗಲದ ಮೇಲೆ ನಿಂತಿದೆ. ಒಂದೊಂದು ಅಳತೆಗೆ ಪರದೆಯ ಒಂದೊಂದು ಚುಕ್ಕೆ (ಪಿಕ್ಸೆಲ್). 300 ಚುಕ್ಕೆ ಅಗಲ ಇಟ್ಟು, 2 ಸೆಕೆಂಡಿಗೊಮ್ಮೆ ಅಳೆದರೆ ಹತ್ತು ನಿಮಿಷ ಕಾಣುತ್ತದೆ. ನಿಮ್ಮದೇ ಸ್ಕ್ರಿಪ್ಟಿನ ಉತ್ತರವನ್ನೂ ಅದರಲ್ಲಿ ತೋರಿಸಬಹುದು: ಯುಪಿಎಸ್ ಬ್ಯಾಟರಿ ಎಷ್ಟಿದೆ, ಬ್ಯಾಕಪ್ ಕೊನೆಗೆ ಯಾವಾಗ ಆಯಿತು, ಏನು ಬೇಕಾದರೂ. ಆದರೆ ಸ್ಕ್ರಿಪ್ಟನ್ನು ಪ್ರತಿ ಎರಡು ಸೆಕೆಂಡಿಗೆ ಓಡಿಸಬೇಡಿ. ಐದು ನಿಮಿಷಕ್ಕೊಮ್ಮೆ ಸಾಕಾದದ್ದಕ್ಕೆ ಎಕ್ಸೆಕ್‌ಐ ಎಂಬ ಆದೇಶ ಬಳಸಿ 300 (ಸೆಕೆಂಡ್) ಎಂದು ಕೊಡಿ. ಕಾಂಕಿ ಭಾರ ಎಂದು ದೂರುವವರಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ.

ಕನ್ನಡದವರಿಗೆ ಕಾಂಕಿಯಲ್ಲಿ ಒಂದು ಕಿರಿಕಿರಿ ಇದೆ. ಅಕ್ಷರಗಳನ್ನು ಜೋಡಿಸುವ ಕೆಲಸ ಅದಕ್ಕೆ ಸರಿಯಾಗಿ ಬರುವುದಿಲ್ಲ. "ಡಿಸ್ಕ್" ಎಂದು ಬರೆದರೆ ಒತ್ತು, ಗುಣಿತ ಬಿಡಿಬಿಡಿಯಾಗಿ ಬೀಳುತ್ತವೆ. ಕಾಂಕಿಯಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಬಿಡುವುದು ಜಾಣತನ.

ಎರಡಕ್ಕೂ ಸೇರಿ ಒಂದು ಮಾತು. ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿ ಬಿಡಿಸುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸದು ವೇಲ್ಯಾಂಡ್. ಈ ಎರಡೂ ಪ್ರೋಗ್ರಾಂ ಎಕ್ಸ್11 ಕಾಲದವು. ಹೊಸ ವೇಲ್ಯಾಂಡ್ ಸೆಷನ್‌ನಲ್ಲಿ ಅಂಚಿಗೆ ಅಂಟುವುದು, ಎಲ್ಲ ಕಿಟಕಿಗಳ ಕೆಳಗೆ ನಿಲ್ಲುವುದು ನೆಟ್ಟಗೆ ನಡೆಯದೇ ಹೋಗಬಹುದು. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇಯಂಥ ಸೆಷನ್ ಇದ್ದರೆ ನಿಶ್ಚಿಂತೆ. ವೇಲ್ಯಾಂಡ್ ಮೇಲಿನ ಪ್ಲಾಸ್ಮಾ ಇದ್ದರೆ ಇವೆರಡನ್ನೂ ಬಿಟ್ಟು ಅದರದೇ ವಿಜೆಟ್‌ಗಳಿಗೆ ಹೋಗಿ.

ಹೊಂದಿಸುವುದರಲ್ಲೇ ಖುಷಿ ಕಾಣುವವರು ಕಾಂಕಿ ತೆಗೆದುಕೊಳ್ಳಲಿ. ಹೊಂದಿಸಿ ಮರೆಯಬೇಕು, ತೊಂದರೆ ಬಂದಾಗ ಮಾತ್ರ ಅದೇ ಕರೆಯಬೇಕು ಅನ್ನುವವರು ಜಿಕ್ರೆಲ್‌ಎಂ ತೆಗೆದುಕೊಳ್ಳಲಿ. ನನ್ನ ಮತ ಯಾವ ಕಡೆ ಎಂದು ಕೇಳಿದರೆ, ಅಂಗಡಿಗೆ ಜಿಕ್ರೆಲ್‌ಎಂ.

ಯಾರಿಗೆ ಯಾವುದು

ಬಾಗಲಕೋಟೆಯ ನವನಗರದಲ್ಲಿ ಫೋಟೋ ಸ್ಟುಡಿಯೋ ಇದೆ, ವಿಂಡೋಸ್ 11, 16 ಜಿಬಿ, ವಿಡಿಯೋ ರೆಂಡರ್ ಗಂಟೆಗಟ್ಟಲೆ ನಡೆಯುತ್ತದೆ ಎಂದುಕೊಳ್ಳಿ. ಇವರಿಗೆ ಗ್ರಾಫಿಗಿಂತ ಅಲಾರಂ ಮತ್ತು ಲಾಗ್ ಮುಖ್ಯ. ಎಚ್‌ಡಬ್ಲ್ಯುಇನ್ಫೋದ ಲೈಸೆನ್ಸಿಗೆ ದುಡ್ಡು ಹಾಕುವುದು ಇಂಥವರಿಗೆ ಸರಿ. ರಾತ್ರಿ ರೆಂಡರ್ ಹಚ್ಚಿ ಮನೆಗೆ ಹೋಗಿ ಬೆಳಗ್ಗೆ ಅರ್ಧಕ್ಕೆ ನಿಂತಿದ್ದನ್ನು ಕಂಡವರಿಗೆ ಲಾಗ್ ಫೈಲಿನ ಬೆಲೆ ಗೊತ್ತಿರುತ್ತದೆ.

ತಾಲ್ಲೂಕು ಊರಿನ ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ, 4 ಜಿಬಿ, ಹಳೆಯ ಡಿಸ್ಕ್. ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರ್ ಸಾಕು, ಹೊಸದೇನೂ ಹಾಕಬೇಡಿ. ಲಿನಕ್ಸ್ ಇದ್ದರೆ ಎಕ್ಸ್‌ಎಫ್‌ಸಿಇಯ ನೆಟ್‌ಲೋಡ್ ಮತ್ತು ಸಿಪಿಯು ಗ್ರಾಫ್ ಎರಡೇ.

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ, ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಶನ್ ಓಡಿಸುವವರಿಗೆ ಪ್ಲಾಸ್ಮಾ ಸಿಸ್ಟಂ ಮಾನಿಟರ್. ಕೋರ್‌ಗಳ ಗ್ರಾಫ್, ಗಿಗಾಹರ್ಟ್ಸ್, ಶಾಖ ಮೂರನ್ನೂ ಒಂದೇ ಪುಟದಲ್ಲಿ, ಒಂದೇ ಕಾಲದ ಅಳತೆಯಲ್ಲಿ ಇಡಿ. ಮೂರರ ಸಮಯದ ಅಳತೆ ಬೇರೆ ಬೇರೆ ಇದ್ದರೆ ಯಾವುದರಿಂದ ಯಾವುದಾಯಿತು ಎಂದು ತಿಳಿಯುವುದಿಲ್ಲ. ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ಅಭ್ಯಾಸ ಇದ್ದರೆ ಬಿಟಾಪ್ ಕೂಡ ನೋಡಿ. ಗ್ರಾಫ್ ಚೆನ್ನಾಗಿ ಬಿಡಿಸುತ್ತದೆ, ಡೆಸ್ಕ್‌ಟಾಪ್ ಯಾವುದಿದ್ದರೂ ನಡೆಯುತ್ತದೆ.

ವಿಜಯಪುರದಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಲಿನಕ್ಸ್ ಮಷೀನು ದಿನವಿಡೀ ಓಡುತ್ತಿದ್ದರೆ ಜಿಕ್ರೆಲ್‌ಎಂ ಅಲಾರಂ ಜೊತೆ ಸಿಸ್‌ಸ್ಟ್ಯಾಟ್ ಕೂಡ ಹಾಕಿ. ಅದರ ಸಾರ್ ಕಮಾಂಡ್ ಹಿಂದಿನ ದಿನಗಳ ಲೆಕ್ಕ ತೋರಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅಳೆದು ಬರೆದಿಡುವುದರಿಂದ ಮಷೀನಿಗೆ ಹೊರೆಯೇ ಇಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಅದನ್ನು ಹಾಕಿದ ಮೇಲೆ ಬರೆಯುವ ಕೆಲಸವನ್ನು ನಾವೇ ಆನ್ ಮಾಡಬೇಕಾಗಬಹುದು, ಒಮ್ಮೆ ನೋಡಿಕೊಳ್ಳಿ. ಅಲಾರಂನ ಮಿತಿಯನ್ನು ಚಳಿಗಾಲದಲ್ಲಿ ಕಂಡ ಸಂಖ್ಯೆಗೆ ಹತ್ತಿರ ಇಟ್ಟರೆ ಏಪ್ರಿಲ್‌ನಲ್ಲಿ ದಿನಕ್ಕೆ ಹತ್ತು ಸಲ ಕೂಗುತ್ತದೆ, ಮೂರನೇ ದಿನ ನೀವೇ ಅದನ್ನು ಬಂದ್ ಮಾಡುತ್ತೀರಿ. ಬೇಸಿಗೆಯ ಒಂದು ಮಧ್ಯಾಹ್ನ, ಭಾರವಾದ ಕೆಲಸ ನಡೆಯುವಾಗ ಎಷ್ಟು ಡಿಗ್ರಿ ಬರುತ್ತದೆ ನೋಡಿ. ಅದರ ಮೇಲೆ ಐದಾರು ಡಿಗ್ರಿ ಬಿಟ್ಟು ಮಿತಿ ಇಡಿ. ಅಷ್ಟು ಬಿಟ್ಟಾಗ ಚಿಪ್‌ನ ಗರಿಷ್ಠ ಮಿತಿಯೇ ದಾಟುವುದಾದರೆ, ಅಲಾರಂ ಹೊಂದಿಸುವ ಮೊದಲು ಫ್ಯಾನ್ ಮತ್ತು ಥರ್ಮಲ್ ಪೇಸ್ಟ್ (ಚಿಪ್‌ನ ಶಾಖ ಹೊರಹೋಗಲು ಹಚ್ಚುವ ಲೇಪ) ಬದಲಿಸಿ.